ಎಮ್ಮೆ ಮೇದ ಕೋಳಿಗೂಡು

ಕೋಳಿ ಸಾಕುವುದು ಇಂಥವರ ಮನೆಗೆ ಸಲ್ಲುತ್ತದೆ, ಇಂಥವರ ಮನೆಗೆ ಸಲ್ಲದು ಎಂದು ನಿಮಗೆ ಹೇಳಿಕೊಟ್ಟವರು ಯಾರು? ತೊಂಬತ್ತರ ದಶಕದಲ್ಲಿ, ಸಂಗೊಳ್ಳಿಯ ನಮ್ಮ ಮನೆಯಲ್ಲಿ, ನಾನು ಈ ಪ್ರಶ್ನೆಯನ್ನು ಕಾಲೇಜಿನ ಚರ್ಚಾಸ್ಪರ್ಧೆಯ ಧಾಟಿಯಲ್ಲೇ ಎತ್ತಿದೆ. ಬೆಳೆಯುವ ಮಕ್ಕಳಿಗೆ ಮೊಟ್ಟೆ ಬೇಕು ಎಂಬುದು ನನ್ನ ವಾದ. ಮೊಟ್ಟೆಯನ್ನು ಮುಟ್ಟಿಯೂ ನೋಡದ ಅವ್ವ ಒಂದೇ ಕರಾರು ಹಾಕಿದಳು: "ಒಂದ ಕೋಳಿ ಪಡಸಾಲಿಗಿ ಬಂದ್ರೂ, ಎಲ್ಲಾ ವಾಪಸ್ ಹೋಗ್ತಾವ ನೋಡು."

ಪಕ್ಕದ ಮನೆಯ ಚಾಚಿ ನಾಲ್ಕು ಕೋಳಿ ಕೊಟ್ಟರು. ನಾನು ಹಿತ್ತಲಲ್ಲಿ ಗೂಟ ನೆಟ್ಟು, ಜೋಳದ ಒಣ ದಂಟನ್ನು, ಅಂದರೆ ಕಣಿಕೆಯನ್ನು, ಒತ್ತೊತ್ತಾಗಿ ಕಟ್ಟಿ ಗೋಡೆ ಎಬ್ಬಿಸಿದೆ. ನನ್ನ ಮೊದಲ ಕಟ್ಟಡ ನೇರವಾಗಿಯೇ ನಿಂತಿತು. ಬೆಳಿಗ್ಗೆ ನೋಡಿದರೆ, ಹಗ್ಗ ಹರಿದುಕೊಂಡ ನಮ್ಮ ಎಮ್ಮೆ ಒಂದು ಗೋಡೆಯನ್ನು ಪೂರಾ ಮೇದು ಮುಗಿಸಿತ್ತು. ಕೋಳಿಗಳು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದವು.

ಚಾಚಿ ಹಿತ್ತಲ ಗೋಡೆಯಾಚೆಯಿಂದ ನಕ್ಕರು: "ಕೋಳಿಗಿ ಮನಿ ಕಟ್ಟಿದ್ಯೋ, ಎಮ್ಮಿಗಿ ದಾವತ್ ಇಟ್ಟಿದ್ಯೋ, ಬೇಟಾ?"

ಆ ಹೊತ್ತು ನಾನು ವಾದಕ್ಕೆ ನಿಲ್ಲಲಿಲ್ಲ. ದನ ಮೂಸಿಯೂ ನೋಡದ ಒಣ ಹತ್ತಿಕಟ್ಟಿಗೆ ತಂದು ಹೆಣೆದು, ಮಣ್ಣು ಮೆತ್ತಿ, ಮಧ್ಯಾಹ್ನದೊಳಗೆ ಹೊಸ ಗೋಡೆ ನಿಲ್ಲಿಸಿದೆ. ಅವ್ವ ಅದನ್ನು ಅಲುಗಿಸಿ ನೋಡಿ ತೀರ್ಪು ಕೊಟ್ಟಳು: "ಹಗ್ಗ ಹರಕೊಂಡಿದ್ದು ನಮ್ಮ ಎಮ್ಮಿ. ಕೋಳೀದೇನ ತಪ್ಪೈತಿ? ಇರ್ಲಿ ಬಿಡು."

ನಿಮ್ಮ ಹಿತ್ತಲಲ್ಲಿ ಒಂದಿಷ್ಟು ಜಾಗವಿದ್ದರೆ, ಈ ವಾರ ನೀವೇ ಒಂದು ಗೂಡು ಕಟ್ಟಿರಿ. ಕಣಿಕೆಯನ್ನು ಮಾತ್ರ ದನಕ್ಕೇ ಬಿಡಿರಿ.