ಮೇಷ್ಟ್ರ ಮೊಳ

ಅಮರೇಶಪ್ಪ ಮೇಷ್ಟ್ರ ಸ್ನೇಹಕ್ಕೆ ನನಗೆ ದಿನಾ ನಾಲ್ಕು ಬೆರಳು ಮಲ್ಲಿಗೆ ಖರ್ಚಾಗುತ್ತಿತ್ತು. ಕಾರಣ ಅವರ ಕೈ. ಮಸ್ಕಿ ಬಸ್ ಸ್ಟ್ಯಾಂಡಿನ ಎದುರಿನ ನನ್ನ ಅಂಗಡಿಯಲ್ಲಿ ಹೂವನ್ನು ಮೊಳಕೈಯಿಂದ ನಡುಬೆರಳ ತುದಿಯವರೆಗೆ ಅಳೆದು ಕೊಡುವುದು ರೂಢಿ. ಬುಟ್ಟಿ ಹೊತ್ತು ಓಣಿ ಓಣಿ ತಿರುಗಿದವನು ಅಂಗಡಿ ಹಾಕಿದ್ದೇ ನನ್ನ ಗಿಡ್ಡ ಕೈಯ ಪುಣ್ಯದಿಂದ. ಮೇಷ್ಟ್ರು ಮಾತ್ರ ಅಂಗಿಯ ತೋಳು ಮಡಚಿ ತಮ್ಮ ಉದ್ದನೆಯ ಬಲಗೈಯನ್ನು ಹಲಗೆಯ ಮೇಲೆ ಚಾಚುತ್ತಿದ್ದರು.

"ಇದರ ಮ್ಯಾಲ ಅಳಿ, ಹನುಮಂತಾ."

"ಸರ, ಎಲ್ಲಾರಿಗೂ ನಿಮ್ಮಂಥ ಕೈ ಇದ್ದಿದ್ರ ನಾ ಮತ್ತ ಬುಟ್ಟಿ ಹೊರಬೇಕಾಗ್ತಿತ್ತು."

"ಹೊರು. ನಿನ್ನ ಕೈಲೆ ಅಳದ್ರ ನಮ್ಮ ಗೌರಮ್ಮನ ಜಡಿ ಅರ್ಧ ಬೋಳು."

ಆ ಹೂವನ್ನು ಮನೆಗೆ ಒಯ್ದು ಹೆಂಡತಿಗೆ ತಾವೇ ಮುಡಿಸುತ್ತಿದ್ದರು. ಓಣಿಯವರು ನಕ್ಕರೂ ಬಿಡಲಿಲ್ಲ.

ಲಿಂಗಸುಗೂರಿನಲ್ಲಿ ಇಂಗ್ಲಿಷ್ ಕಲಿಸಿ ಸಂಜೆಯ ಬಸ್ಸಿಗೆ ಇಳಿಯುತ್ತಿದ್ದ ಅವರಿಗೆ ಪದಗಳ ಹುಟ್ಟು ಕೆದಕುವ ಹುಚ್ಚು. ಒಮ್ಮೆ ಮೊಳಕೈ ತಟ್ಟಿ ಹೇಳಿದರು: "ಇದಕ್ಕ ಇಂಗ್ಲಿಷಿನ್ಯಾಗ ಎಲ್ಬೋ ಅಂತಾರ. ಹಳೇ ಜರ್ಮಾನಿಕ್ ಮಂದಿ ಮಾತು. ಅದರಾಗ ಎರಡು ತುಂಡು ಅದಾವು. ಎಲ್ನ್ ಅಂದ್ರ ಮುಂಗೈ. ಅವರೂ ನಿನ್ನಂಗ ಅದರಿಂದನ ಬಟ್ಟಿ ಅಳೀತಿದ್ರು. ಬೊಗಾ ಅಂದ್ರ ಬಿಲ್ಲಿನ ಬಾಗು. ಅಳತಿ ಬಾಗೋ ಜಾಗ, ಅದ ಎಲ್ಬೋ. ನಮ್ಮೋರೂ ಮೊಳ ಇಟಗೊಂಡ ಮೊಳಕೈ ಅಂದ್ರು."

"ಬೊಗಾ, ಬಾಗು ಒಂದ ಮನಿಯವೇನ್ರಿ ಹಂಗಾದ್ರ?"

"ದನಿ ಕೂಡಿದ ಮಾತ್ರಕ್ಕ ಬೀಗರಾಗಂಗಿಲ್ಲಲೇ. ಮನಿತನ ವಿಚಾರಿಸಬೇಕು."

ಎಲ್ಲವನ್ನೂ ವಿಚಾರಿಸುವ ಮನುಷ್ಯ ತನ್ನ ಕೈಯ ವಿಷಯದಲ್ಲಿ ವಿಚಾರಿಸಲಿಲ್ಲ. ತುರ್ವಿಹಾಳದ ಮದುವೆಯಿಂದ ಬರುವಾಗ ಕಾಲುವೆ ದಾರಿಯ ಕೆಸರಿನಲ್ಲಿ ಬೈಕು ಜಾರಿತು. ಬಲ ಮೊಳಕೈ ಊದಿತು. ಸೀದಾ ಹಳ್ಳಿಯೊಂದರ ಎಲುಬು ಕಟ್ಟುವವನ ಹತ್ತಿರ ಹೋದರು. ನಾನು ಮನೆಗೆ ಹೋಗಿ ನೋಡಿದಾಗ ಭುಜದಿಂದ ಮಣಿಕಟ್ಟಿನವರೆಗೆ ಬಿದಿರ ದಬ್ಬೆ ಕಟ್ಟಿ, ಕೈಯನ್ನು ಕೋಲಿನಂತೆ ನೆಟ್ಟಗೆ ಮಾಡಿದ್ದ.

"ಸರ, ಸಿಂಧನೂರಿಗೆ ನಡೀರಿ, ಎಕ್ಸ್‌ರೇ ತಗಸೂಣ. ಆಟೋ ಬಾಡಿಗಿ ನಂದು, ಖರ್ಚೂ ನಂದು."

"ನಮ್ಮಪ್ಪನ ಕಾಲು ಕೂಡಿಸಿದ ಮನಿತನ ಅದು. ಈಗ ಬಿಚ್ಚಿದ್ರ ಅವರಿಗೆ ಅವಮಾನ."

ಗೌರಮ್ಮಕ್ಕ ಬಾಗಿಲಲ್ಲಿ ನಿಂತು, "ನೀನರ ಹೇಳಪ್ಪಾ" ಅಂದರು. ಹೇಳಿದೆ. ಮರುದಿನ ಹೋಗಿ ಮತ್ತೆ ಹೇಳಿದೆ. ಹೂವಿನ ಚೌಕಾಸಿಯಲ್ಲಿ ಎಂಥವನನ್ನೂ ಬಗ್ಗಿಸುವ ನನ್ನ ಬಾಯಿ ಅಲ್ಲಿ ನಡೆಯಲಿಲ್ಲ. ಬಯ್ದೆ, ಕೈ ಮುಗಿದೆ, ಚಹಾ ಕುಡಿದು ಎದ್ದು ಬಂದೆ.

ಕಟ್ಟು ಬಿಚ್ಚಿದಾಗ ಕೈ ಬಾಗಲಿಲ್ಲ. ಆಮೇಲೆ ಸಿಂಧನೂರಿನ ಡಾಕ್ಟರು ನೋಡಿ, "ಮೊದಲೇ ಬರಬೇಕಿತ್ತು" ಎಂದಷ್ಟೇ ಹೇಳಿದರಂತೆ.

ಕೊನೆಯ ಸಲ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಮೇಷ್ಟ್ರು ರೂಢಿಯಂತೆ ಕೈಯನ್ನು ಹಲಗೆಯ ಮೇಲಿಟ್ಟರು. ಅದರ ಮೇಲೆಯೇ ಅಳೆದೆ. ನಾಲ್ಕು ಬೆರಳಿಗೆ ನಾನು ಜಗಳ ತೆಗೆಯುತ್ತೇನೆಂದು ಅವರು ಕಾದರು. ನಾನು ದಾರ ಕತ್ತರಿಸಿ ಹೂವನ್ನು ಎಲೆಯಲ್ಲಿ ಸುತ್ತಿದೆ.

"ಎಲ್ನ್ ಉಳದೈತಿ, ಹನುಮಂತಾ. ಬೊಗಾ ಹೋತು," ಅಂದರು. "ಊಟ ಹೆಂಗರ ಎಡಗೈಲೆ ಮಾಡ್ತೀನಿ. ಹೂವ ಮುಡಸಾಕ ಎರಡೂ ಬೇಕಲೇ."

ಗೌರಮ್ಮಕ್ಕ ಹೂವಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡರು. ಮುಡಿಯಲಿಲ್ಲ. ಆ ಚಳಿಗಾಲದಲ್ಲಿ ಮೇಷ್ಟ್ರು ಸಂತೆಕಲ್ಲೂರಿನ ತಮ್ಮನ ಮನೆಯಲ್ಲಿ ಎದೆನೋವಿನಿಂದ ತೀರಿಕೊಂಡರು.

ಓದುವವರಿಗೆ ಒಂದು ಮಾತು. ಮೊಳಕೈಗೆ ಪೆಟ್ಟಾದರೆ ಅವತ್ತೇ ಎಕ್ಸ್‌ರೇ ತೆಗೆಸಿ. ನಿಮ್ಮವರು ಒಲ್ಲೆ ಅಂದರೆ ನನ್ನ ಹಾಗೆ ಚೌಕಾಸಿ ಮಾಡುತ್ತ ಕೂಡಬೇಡಿ, ರಟ್ಟೆ ಹಿಡಿದು ಆಟೋ ಹತ್ತಿಸಿ. ಇನ್ನು ಹೂವು ಕೊಳ್ಳುವಾಗ ಮನೆಯಲ್ಲಿ ಉದ್ದ ಕೈಯವರಿದ್ದರೆ ಅವರನ್ನೇ ಕಳಿಸಿ, ಅವರ ಕೈ ಮೇಲೆಯೇ ಅಳೆಸಿ. ನಾನು ಗೊಣಗುತ್ತೇನೆ. ಆದರೂ ಕೊಡುತ್ತೇನೆ.