ಮೋಟರು ಚಾಲೂ ಮಾಡಿದ್ದು ನೀನಲ್ಲ, ಚಿಗವ್ವ

ಚಿಗವ್ವ, ಅವತ್ತು ನಿಮ್ಮೂರು ಮಸೂತಿಯ ಹೊಲದಲ್ಲಿ ಮೋಟರು ಚಾಲೂ ಮಾಡಿದ್ದು ನೀನಲ್ಲ. ಇದು ನನಗೆ ಮರುದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಮೂರು ವರ್ಷ ಬಾಯಿ ಮುಚ್ಚಿಕೊಂಡು ನಿನ್ನ ಕೈಯ ರೊಟ್ಟಿ ತಿಂದೆ.

ನನ್ನ ಕೆಲಸ ಏನೆಂದು ನೀನು ಎಷ್ಟೋ ಸಲ ಕೇಳಿದ್ದೀ. ಯಂತ್ರಗಳ ಒಳಗೆ ಬರೆದಿಟ್ಟ ಪ್ರೋಗ್ರಾಮಿನಲ್ಲಿ ಎಲ್ಲಿ ತೂತಿದೆ, ಹೊರಗಿನವರು ಎಲ್ಲಿಂದ ನುಗ್ಗಬಹುದು ಎಂದು ಹುಡುಕುವುದು. ಬಾಗೇವಾಡಿಯ ಮನೆಯಲ್ಲೇ ಕುಳಿತು ಮಾಡುತ್ತೇನೆ. ಕಾಕಾನ ಹೊಲದ ಮೊಬೈಲ್ ಸ್ಟಾರ್ಟರು — ಮೆಸೇಜು ಕಳಿಸಿದರೆ ಮೋಟರು ಚಾಲೂ ಮಾಡುವ ಆ ಡಬ್ಬಿ — ಮಾರಾಟಕ್ಕೆ ಬರುವ ಮೊದಲು ನನ್ನ ಮೇಜಿನ ಮೇಲೆ ಬಂದಿತ್ತು. ಎರಡನೇ ದಿನವೇ ತೂತು ಸಿಕ್ಕಿತು. ಮೆಸೇಜು ಯಾರ ನಂಬರಿನಿಂದ ಬಂತು ಎಂದು ಅದು ನೋಡುತ್ತಲೇ ಇರಲಿಲ್ಲ. ಎಲ್ಲ ಡಬ್ಬಿಗಳಿಗೂ ಒಂದೇ ಪಾಸ್‌ವರ್ಡು. ಹೇಳಿದೆ. ಈಗ ತಿದ್ದಲು ಕುಳಿತರೆ ತಡವಾಗುತ್ತದೆ, ಸಣ್ಣ ದೋಷ ಎಂದು ಬರೆಯಿರಿ ಎಂದರು ಕಂಪನಿಯವರು. ಬರೆದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ರೈತರ ಮೋಟರಿಗೆ ಯಾವ ಕಳ್ಳ ಕೈ ಹಾಕುತ್ತಾನೆ ಎಂದು ನಕ್ಕೆ ಬೇರೆ. ಥೂ. ಅಂಥದೇ ಡಬ್ಬಿಯನ್ನು ಕಾಕಾ ಮುದ್ದೇಬಿಹಾಳದಿಂದ ಕೊಂಡು ತಂದಾಗಲೂ — ನಾನು ಚಕಾರ ಎತ್ತಲಿಲ್ಲ.

ನಮ್ಮ ಕಡೆಯ ರೂಢಿ ಗೊತ್ತಲ್ಲ. ವೈರು ಕೂಡಿಸುವಾಗ ಕಂಬದತನಕ ನಡೆದು ಫ್ಯೂಸು ಕೀಳುವವರು ಯಾರು? ಫೋನನ್ನು ಮನೆಯ ಹೆಂಗಸಿನ ಕೈಗೆ ಕೊಟ್ಟರೆ ಮುಗಿಯಿತು. ಫೋನು ನಮ್ಮ ಕೈಯಲ್ಲಿದ್ದರೆ ಮೋಟರು ಹೇಗೆ ಚಾಲೂ ಆದೀತು? ಕಾಕಾನೂ, "ಇದನ್ನ ಹಿಡಕೊಂಡ ನಿಂದ್ರು, ನಾ ಹೇಳೂತನಕ ಮುಟ್ಟಬ್ಯಾಡ," ಎಂದು ನಿನಗೆ ಫೋನು ಕೊಟ್ಟು ಬರಿಗೈಯಲ್ಲಿ ವೈರು ಹಿಡಿದ. ಕರೆಂಟು ಬಂತು. ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯ ಅಂಗಳದಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಮಷಿನ್ನು ಬಲ್ಲವಳು ನಾನೊಬ್ಬಳೇ. ನೀನು ಎರಡೂ ಕೈ ಮುಂದೆ ಚಾಚಿ, "ನಾ ಒತ್ತಿಲ್ಲ ಯವ್ವಾ, ನೀನರ ಹೇಳ," ಎಂದೆ. ನನಗೆ ಆಗಲೇ ಅನುಮಾನ ಹುಟ್ಟಿತ್ತು. ಆದರೂ ನಾನು ಹೇಳಿದ್ದು —

"ಗಡಿಬಿಡ್ಯಾಗ ನಿನ್ನ ಕೈ ತಾಗಿರಬೇಕ ಚಿಗವ್ವ."

ಮರುದಿನ ಡಬ್ಬಿ ಬಿಚ್ಚಿ, ಒಳಗಿನ ಸಿಮ್ ಕಾರ್ಡಿನಲ್ಲಿ ಉಳಿದಿದ್ದ ಮೆಸೇಜು ನೋಡಿದೆ. ಆ ಹೊತ್ತಿಗೆ ಬಂದ ಮೆಸೇಜು ನಿಮ್ಮ ಫೋನಿನದಲ್ಲ. ಆ ನಂಬರಿಗೆ ಫೋನು ಮಾಡಿದೆ. ದೇವರ ಹಿಪ್ಪರಗಿಯ ಒಬ್ಬ ರೈತ, ತನ್ನ ಮೋಟರು ಚಾಲೂ ಮಾಡಲು ಹೋಗಿ ತನ್ನ ಡಬ್ಬಿಯ ನಂಬರಿನಲ್ಲಿ ಒಂದು ಅಂಕಿ ತಪ್ಪು ಒತ್ತಿದ್ದ. ಏನಾಯಿತೆಂದು ಅವನಿಗೂ ಹೇಳಲಿಲ್ಲ. ಕಳ್ಳ ಬೇಕೇ ಆಗಿರಲಿಲ್ಲ.

ಅಂದಿನಿಂದ ನೀನು ಫೋನು ಮುಟ್ಟಿಲ್ಲ. ಅದು ರಿಂಗಾದರೆ ಸೆರಗಿಗೆ ಕೈ ಒರೆಸಿಕೊಂಡು ದೂರ ಸರಿಯುತ್ತೀ. ನಮ್ಮ ಆಯಿ, ನಿನ್ನ ಅತ್ತೆ, ಊಟಕ್ಕೆ ಕುಳಿತಾಗಲೆಲ್ಲ "ಗಂಡನ ಕೈ ತಿಂದಾಕಿ" ಎನ್ನುತ್ತಾಳೆ. ನೀನು ತಲೆ ಎತ್ತದೆ ಕಾಕಾನಿಗೆ ರೊಟ್ಟಿ ಮುರಿದು ಕೊಡುತ್ತೀ. ನಾನು ಊರಿಗೆ ಬಂದಾಗಲೆಲ್ಲ ಎದುರಿಗೇ ಕುಳಿತು ಪುಂಡಿಪಲ್ಯ ಹಚ್ಚಿಕೊಂಡು ತಿಂದಿದ್ದೇನೆ, ಇನ್ನಷ್ಟು ಹಾಕು ಎಂದು ಕೇಳಿದ್ದೇನೆ. ಮೊದಲು ಕೆಲಸ ಹೋದೀತೆಂಬ ಭಯವಿತ್ತು. ಆಮೇಲೆ — ಆಮೇಲಿನದಕ್ಕೆ ಯಾವ ಹೆಸರಿಡಲಿ? ನನ್ನ ಮೇಲೆ ನನಗೇ ಹೇಸಿಗೆ.

ಅಂಥ ಡಬ್ಬಿಗಳು ಇಂಡಿ, ಸಿಂದಗಿಯ ಹೊಲಗಳಲ್ಲಿ ಇನ್ನೂ ಇವೆ. ಇವತ್ತು ಎಲ್ಲವನ್ನೂ ಬರೆದು, ನನ್ನ ಹೆಸರು ಹಾಕಿ, ಕಂಪನಿಗೂ ಸರಕಾರಕ್ಕೂ ಕಳಿಸಿದೆ. ಅದು ಸುಲಭದ ಕೆಲಸ. ನಾಳೆ ಮುಂಜಾನೆಯ ಬಸ್ಸಿಗೆ ಮಸೂತಿಗೆ ಬರುತ್ತೇನೆ. ಆಯಿ, ಕಾಕಾ, ನೆರೆಮನೆಯವರು ಎಲ್ಲರೂ ಕಟ್ಟೆಯ ಮೇಲೆ ಇರುವಾಗಲೇ ಈ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಓದಿದ ಮೇಲೂ ನೀನು, ಬಿಸಿಲಲ್ಲಿ ಬಂದಾಳ ಎಂದು ತಾಟು ಇಟ್ಟೀಯೆ — ನಿನ್ನನ್ನು ನಾನು ಬಲ್ಲೆ.

ನನಗೆ ರೊಟ್ಟಿ ಹಾಕಬೇಡ ಚಿಗವ್ವ.