ಜೊತೆಗೊಬ್ಬರನ್ನು ಕರೆದೊಯ್ಯಬಹುದು

ವಿದೇಶಗಳಲ್ಲಿ ಕಾಯಿಲೆ ಬಿದ್ದವರನ್ನು ವಿಮಾನದಲ್ಲಿ ಊರಿಗೆ ಕರೆತರುವ ನರ್ಸ್ ನಾನು. ಮಲಯಾಳ ಸೀಮೆಯ ಪನಮರಂ ಪೇಟೆಯಲ್ಲಿ ನನ್ನ ಬಾಡಿಗೆ ಮನೆ ಇದೆ, ಅದಕ್ಕೆ ಬೀಗ ಬಿದ್ದಿರುವ ದಿನಗಳೇ ಹೆಚ್ಚು. ಹೋಗುವಾಗ ಯಾವಾಗಲೂ ಒಬ್ಬಳೇ. ಬರುವಾಗ ರೋಗಿ ಇರುತ್ತಾರೆ, ಆದರೆ ಅವರಲ್ಲಿ ಹೆಚ್ಚಿನವರು ಸ್ಟ್ರೆಚರಿನಲ್ಲಿ ಮಾತಿಲ್ಲದೆ ಮಲಗಿದವರು.

ಹೀಗೆ ಹಾರಿ ಹಾರಿ ನನಗೊಂದು ಚಿನ್ನದ ಬಣ್ಣದ ಕಾರ್ಡು ಬಂದಿತ್ತು. ವಿಮಾನ ಕಂಪನಿಗಳು ಸೇರಿ ಕೂಟ ಕಟ್ಟಿಕೊಂಡಿರುತ್ತವೆ. ಒಂದು ಕೂಟದ ಕಾರ್ಡಿದ್ದರೆ ಆ ಕೂಟದ ಯಾವ ವಿಮಾನದಲ್ಲಿ ಹೊರಟರೂ ನಿಲ್ದಾಣದ ಲೌಂಜಿನಲ್ಲಿ ಕೂರಬಹುದು. ಬೇರೆ ಕೂಟಗಳಲ್ಲಿ ಒಮ್ಮೊಮ್ಮೆ ಬಿಸಿನೆಸ್ ಕ್ಲಾಸ್ ಟಿಕೆಟ್ಟೇ ಸಿಗುತ್ತಿದ್ದುದರಿಂದ ಅವರ ಲೌಂಜುಗಳನ್ನೂ ಕಂಡಿದ್ದೇನೆ. ನಮ್ಮ ಕೂಟದವರ ಊಟ ಸಪ್ಪೆ, ಸ್ನಾನದ ಕೋಣೆ ಮಾತ್ರ ಚೊಕ್ಕಟ. ಇನ್ನೊಂದರಲ್ಲಿ ಕಣ್ಣೆದುರೇ ನೂಡಲ್ಸ್ ಕುದಿಸಿ ಕೊಡುತ್ತಾರೆ, ಆದರೆ ಜನವೋ ಜನ. ಮೂರನೆಯದರಲ್ಲಿ ಮಂದ ಬೆಳಕು, ಕಾಲು ಚಾಚುವ ಕುರ್ಚಿ. ಅಲ್ಲಿ ಕೆಮ್ಮಲೂ ಸಂಕೋಚವಾಗುತ್ತದೆ. ಇಂಟರ್ನೆಟ್ಟಿನಲ್ಲಿ ಜನ ಯಾವ ಕೂಟದ ವೈನು ಮೇಲೆಂದು ವಾದ ಮಾಡುತ್ತಾರೆ. ನಾನು ನೋಡುವುದು ಬ್ಯಾಗಿಡಲು ಬೀಗದ ಕಪಾಟು ಇದೆಯೇ ಎಂದು. ಶೌಚಾಲಯಕ್ಕೆ ಹೋಗುವಾಗ ಸ್ವಲ್ಪ ನೋಡಿಕೊಳ್ಳಿ ಎನ್ನಲು ನನಗೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ನನ್ನ ಕಾರ್ಡಿನಲ್ಲಿ ಜೊತೆಗೊಬ್ಬರನ್ನು ಕರೆದೊಯ್ಯಬಹುದಿತ್ತು. ಎಂದೂ ಯಾರನ್ನೂ ಕರೆದೊಯ್ದಿರಲಿಲ್ಲ.

ಒಮ್ಮೆ ಯುರೋಪಿನ ಒಂದು ಊರಿನಿಂದ ನಮ್ಮ ಕಡೆಯ ನೂಲ್ಪುಳದ ವೃದ್ಧರೊಬ್ಬರನ್ನು ಕರೆತರಬೇಕಾಯಿತು. ಹೋಟೆಲ್ ಅಡುಗೆಮನೆಗಳಲ್ಲೇ ಆಯುಷ್ಯ ಕಳೆದವರು, ಮದುವೆ ಆಗಿರಲಿಲ್ಲ. ಪಾರ್ಶ್ವವಾಯು ಬಡಿದು ಎಡಗಾಲು ಸೋತಿತ್ತು. ಗಾಲಿಕುರ್ಚಿಯಲ್ಲಿ ಕೂತು ಬರುವಷ್ಟು ಗೆಲುವಾಗಿದ್ದರು. ನಾನು ಮಲಯಾಳದಲ್ಲಿ ಮಾತಾಡಿಸಿದರೆ ಅವರು ಕನ್ನಡದಲ್ಲಿ ಉತ್ತರಿಸಿದರು. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಮಾತು ನನ್ನ ಕಿವಿಗೆ ಬೀಳುವುದೇ ಅಪರೂಪವಾಗಿತ್ತು. ದಾರಿಯಲ್ಲಿ ಕೊಲ್ಲಿ ದೇಶದ ನಿಲ್ದಾಣದಲ್ಲಿ ವಿಮಾನ ಬದಲಿಸುವಾಗ ಲೌಂಜಿನಲ್ಲಿ ಒರಗಿಸುತ್ತೇನೆ, ಬಿಸಿ ಊಟ ಸಿಗುತ್ತದೆ ಎಂದು ಅವರಿಗೆ ಮಾತು ಕೊಟ್ಟೆ.

ಮೊದಲ ವಿಮಾನ ತಡವಾಗಿ, ಬೆಂಗಳೂರಿನದು ತಪ್ಪಿಹೋಯಿತು. ಕಂಪನಿಯವರು ನಮ್ಮನ್ನು ಬೇರೆ ಕೂಟದ ವಿಮಾನಕ್ಕೆ ಹಾಕಿದರು. ಲೌಂಜಿನ ಬಾಗಿಲಲ್ಲಿದ್ದ ಹುಡುಗಿ ನನ್ನ ಕಾರ್ಡನ್ನು ತಿರುಗಿಸಿ ನೋಡಿ, ಇವತ್ತಿನ ಟಿಕೆಟ್ಟಿಗೆ ಇದು ನಡೆಯುವುದಿಲ್ಲ ಎಂದಳು. ರೋಗಿಯನ್ನು ತೋರಿಸಿದೆ. ಅವಳ ಮುಖ ಸಣ್ಣದಾಯಿತು, ನಿಯಮ ಬದಲಾಗಲಿಲ್ಲ.

"ಬುಡು ಮೋಳೆ," ಎಂದರು ಅವರು, ಮಗಳೇ ಎಂಬುದನ್ನು ಮಾತ್ರ ಮಲಯಾಳದಲ್ಲಿ ಹೇಳಿ. "ಒಳಗೆ ಕುಂತ್ರೂ ಹೊರಗೆ ಕುಂತ್ರೂ ವಿಮಾನ ಒಂದೇ ಅಲ್ವಾ?"

ಗೇಟಿನ ಬಳಿ ಅವರ ಕಾಲಿಗೆ ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತೆ. ಒಳಗೆ ಏನೇನಿರುತ್ತದೆ ಎಂದು ಕೇಳಿದರು. ಹೇಳತೊಡಗಿದೆ. ಮೂರೂ ಕೂಟದ ಲೌಂಜುಗಳ ಕುರ್ಚಿ, ದೀಪ, ಸೂಪು, ಸ್ನಾನದ ಕೋಣೆಯ ಸೋಪಿನ ವಾಸನೆ ಎಲ್ಲವನ್ನೂ ಹೇಳಿದೆ. ನನ್ನೊಳಗೆ ಇಷ್ಟೊಂದು ಮಾತಿತ್ತೆಂದು ನನಗೇ ತಿಳಿದಿರಲಿಲ್ಲ. ಅವರು ಅನ್ನ ಮುದ್ದೆಯಾಗಿರುತ್ತದೋ ಉದುರಾಗಿರುತ್ತದೋ ಎಂದು ವಿಚಾರಿಸಿ, ನಮ್ಮ ಕೂಟದ ಅಡುಗೆಯವನನ್ನು ಬೈದರು. ನಾನು ನಕ್ಕೆ. ಆಮೇಲೆ ಅವರು ಮೆಲ್ಲಗೆ ಕೇಳಿದರು:

"ಅಷ್ಟೆಲ್ಲಾ ಇದ್ದು, ಯಾರ ಕೂಡೆ ಕೂತು ತಿಂತೀಯ?"

"ಒಬ್ಳೇ."

"ನಾನೂ ಅಂಗೇ ಮೋಳೆ. ಊರಿಗೆಲ್ಲಾ ಬೇಯ್ಸಾಕಿ, ನಿಂತ್ಕಂಡೇ ಉಂಡೆ."

ಜಾರಿದ್ದ ಕಂಬಳಿಯನ್ನು ಮತ್ತೆ ಸರಿಮಾಡಿದೆ. ಈ ವಿಮಾನವೂ ತಡವಾಗಲಿ ಎಂದು ಬೇಡಿಕೊಂಡೆ. ಅದು ಹೇಳಿದ ಹೊತ್ತಿಗೇ ಬಂತು.

ಬೆಂಗಳೂರಿನಿಂದ ಆಂಬುಲೆನ್ಸು. ಗಡಿಯ ಮುತ್ತಂಗ ಚೆಕ್‌ಪೋಸ್ಟ್ ದಾಟುವಾಗ ಅವರು ಕಿಟಕಿಗೆ ಮುಖವಿಟ್ಟು ಕಾಡನ್ನೇ ನೋಡುತ್ತಿದ್ದರು. ನೂಲ್ಪುಳದಲ್ಲಿ ಅವರ ತಂಗಿ ಗದ್ದೆಯ ಬದುವಿನಲ್ಲೇ ಕಾದು ನಿಂತಿದ್ದರು. ಮಾತ್ರೆಗಳನ್ನು ವಿವರಿಸಿ ಒಪ್ಪಿಸಿದೆ. ಉಂಡು ಹೋಗಿ ಎಂದರು ತಂಗಿ, ಡ್ರೈವರ್ ಹಾರ್ನ್ ಮಾಡುತ್ತಿದ್ದ, ಹಾಗೇ ಹೊರಟೆ.

ಕೆಲವು ತಿಂಗಳ ಬಳಿಕ ಬಿಡುವು ಸಿಕ್ಕಾಗ ಕಿತ್ತಳೆ ಹಣ್ಣು ಕೊಂಡು ಬಸ್ಸು ಹತ್ತಿ ಅವರನ್ನು ನೋಡಲು ಹೋದೆ. ಕೋಲು ಹಿಡಿದು ಅಂಗಳದಲ್ಲಿ ನಡೆದಾಡುತ್ತಿದ್ದರು, ಮೈ ತುಂಬಿಕೊಂಡಿತ್ತು. ನನ್ನನ್ನು ಕಂಡು, ಹೊರಗಿನವರಿಗೆ ಹೇಳುವಂತೆ, "ಇರಿಕ್ಕು ಸಿಸ್ಟರೇ," ಎಂದು ಮಲಯಾಳದಲ್ಲಿ ಕೂರಲು ಹೇಳಿದರು. ನಡುವೆ ಇನ್ನೊಮ್ಮೆ ಹುಷಾರು ತಪ್ಪಿತ್ತು, ಊರಿಗೆ ಬಂದ ದಾರಿಯೊಂದೂ ನೆನಪಿಲ್ಲ ಎಂದು ತಂಗಿ ಪಿಸುಗುಟ್ಟಿದರು. ಏರ್‌ಪೋರ್ಟಿನ ಮಾತು ತೆಗೆದೆ. ಯಾವ ಏರ್‌ಪೋರ್ಟು ಎಂದು ಕೇಳಿದರು. ರಕ್ತದ ಒತ್ತಡ ನೋಡಿದೆ, ಚೆನ್ನಾಗಿತ್ತು. ಚಹಾ ಕುಡಿದು ಎದ್ದೆ.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲ್ಲಿಗೆ ಎಂದು ವಿಚಾರಿಸಿದಳು. ಪನಮರಂ ಎಂದೆ. ಅವಳು ನಡುವೆಯೇ ಇಳಿದು ಹೋದಳು. ಉಳಿದ ದಾರಿಗೆ ಪಕ್ಕದ ಸೀಟು ಖಾಲಿಯೇ ಇತ್ತು.